ಮೋಟರ್‌ಹೋಮಿನ ಡ್ಯಾಶ್ ಎಸಿ ತಂಪು ಕೊಡದಿದ್ದಾಗ: ಗ್ಯಾಸ್ ಕ್ಯಾನ್ ಎತ್ತುವ ಮುಂಚೆ ನೋಡಬೇಕಾದ್ದು

ಅಮೆರಿಕದಲ್ಲಿ ಹತ್ತು ಹದಿನೈದು ವರ್ಷ ಹಳೆಯ ಮೋಟರ್‌ಹೋಮ್ ಕೊಂಡವರ ಮೊದಲ ಬೇಸಿಗೆಯ ದೂರು ಬಹುತೇಕ ಒಂದೇ: ಛಾವಣಿ ಮೇಲಿನ ಎಸಿ ಚೆನ್ನಾಗಿದೆ, ಡ್ಯಾಶ್ ಎಸಿ ಮಾತ್ರ ಉಗುರುಬೆಚ್ಚಗಿನ ಗಾಳಿ ಊದುತ್ತದೆ. ಮಾರಿದವರು "ಸ್ವಲ್ಪ ಗ್ಯಾಸ್ ಹಾಕಿದ್ರೆ ಸಾಕು" ಅಂದಿರುತ್ತಾರೆ. ಅಷ್ಟರಲ್ಲೇ ಸರಿಹೋಗುವ ಹಾಗಿದ್ದರೆ ಅವರೇ ಹಾಕಿ ಇನ್ನೂ ಸಾವಿರ ಡಾಲರ್ ಹೆಚ್ಚಿಗೆ ಕೇಳುತ್ತಿದ್ದರು.

ಊರಿನಲ್ಲಿ ಪ್ರತಿ ಬೇಸಿಗೆಗೂ ಕಾರಿಗೆ ಗ್ಯಾಸ್ ಟಾಪ್ ಅಪ್ ಮಾಡಿಸುವ ರೂಢಿ ನಮ್ಮವರ ಜೊತೆ ಇಲ್ಲಿಗೂ ಬಂದಿದೆ. ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಕಡಿಮೆಯಾಗಿಲ್ಲದಿದ್ದರೆ ದೋಷ ಬೇರೆಡೆ ಇದೆ, ಮೇಲೆ ತುಂಬಿದ ಗ್ಯಾಸ್ ಇದ್ದ ತಂಪನ್ನೂ ಕೆಡಿಸುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಗ್ಯಾಸ್ ತುಂಬುವ ಮಾತು ಬರುವುದು ಕೊನೆಗೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಎಂಜಿನ್ ಮುಂದಿರುವ ಪೆಟ್ರೋಲ್ ಕ್ಲಾಸ್ ಎ (ಬಸ್ಸಿನಂಥ ಮುಖವಿರುವ) ಗಾಡಿಗಳಿಗೆ, ಅದರಲ್ಲೂ ಫೋರ್ಡ್ ಎಫ್-53 ಚಾಸಿ, 6.8 ಲೀಟರ್ ವಿ-10 ಎಂಜಿನ್ ಇರುವವಕ್ಕೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವುದು ಇವೇ. ವ್ಯಾನಿನ ಮುಖವಿರುವ ಕ್ಲಾಸ್ ಸಿ ಗಾಡಿಗಳ ಕೆಲಸ ಇದಕ್ಕಿಂತ ಸುಲಭ.

ಯಾರು ಕೂಡಿಸಿದ ಎಸಿ ಇದು?

ಕ್ಲಾಸ್ ಸಿ ಗಾಡಿಯಲ್ಲಿ ಕ್ಯಾಬಿನ್, ಡ್ಯಾಶ್, ಎಸಿ ಎಲ್ಲವೂ ವ್ಯಾನ್ ಕಂಪನಿಯದ್ದೇ. ಅದರ ಸರ್ವಿಸ್ ಮ್ಯಾನ್ಯುಯಲ್ ನೋಡಿದರೆ ಉತ್ತರ ಸಿಗುತ್ತದೆ. ಕ್ಲಾಸ್ ಎ ಕಥೆ ಬೇರೆ. ಚಾಸಿ ಕಾರ್ಖಾನೆಯಿಂದ ಹೊರಬರುವಾಗ ಅದಕ್ಕೆ ಕ್ಯಾಬಿನ್ನೇ ಇರುವುದಿಲ್ಲ. ಫ್ರೇಮು, ಎಂಜಿನ್ನು, ಚಕ್ರ, ಸ್ಟೀರಿಂಗ್ ಅಷ್ಟೇ. ಸಾಮಾನ್ಯವಾಗಿ ಎಂಜಿನ್ ಕಡೆಯ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಮೊದಲಾದವು ಚಾಸಿಯೊಂದಿಗೆ ಬರುತ್ತವೆ. ಇವಾಪರೇಟರ್ (ಒಳಗಿನ ಗಾಳಿಯನ್ನು ತಣ್ಣಗೆ ಮಾಡುವ ಸುರುಳಿ) ಪೆಟ್ಟಿಗೆ, ಗಾಳಿ ತಿರುಗಿಸುವ ಬಾಗಿಲುಗಳು, ಡ್ಯಾಶಿನ ಸ್ವಿಚ್ಚು, ನಡುವಿನ ಹೋಸ್‌ಗಳು ಕೋಚ್, ಅಂದರೆ ಚಾಸಿ ಮೇಲಿನ ಮನೆ, ಕಟ್ಟಿದವರ ಕೆಲಸ. ಹೀಗಾಗಿ ಚಾಸಿ ಡೀಲರ್ ಹತ್ತಿರ ಹೋದರೆ ಡ್ಯಾಶಿನ ಒಳಗಿನದು ತಮ್ಮದಲ್ಲ ಅನ್ನುತ್ತಾರೆ, ಆರ್‌ವಿ ಡೀಲರ್ ಹತ್ತಿರ ಹೋದರೆ ಎಂಜಿನ್ ಭಾಗ ತಾವು ಮುಟ್ಟುವುದಿಲ್ಲ ಅನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ. ಸ್ವಂತವಾಗಿ ಕಲಿಯುವವರು ಹೆಚ್ಚಾಗಿರುವುದಕ್ಕೆ ಇದೇ ಕಾರಣ.

ಇದರಿಂದ ಹುಟ್ಟುವ ದೊಡ್ಡ ತೊಡಕು ಎಷ್ಟು ಗ್ಯಾಸ್ ಹಿಡಿಯುತ್ತದೆ ಎಂಬುದು. ಒಂದೇ ಚಾಸಿ ಮೇಲೆ ಎರಡು ಕಂಪನಿಗಳು ಕೋಚ್ ಕಟ್ಟಿದರೆ ಹೋಸಿನ ಉದ್ದ ಬೇರೆ, ಇವಾಪರೇಟರ್ ಬೇರೆ, ಗ್ಯಾಸಿನ ತೂಕವೂ ಬೇರೆ. ಆದ್ದರಿಂದ ಮೊದಲ ಕೆಲಸ ಲೇಬಲ್ ಹುಡುಕುವುದು. ಮುಂದಿನ ಹುಡ್ ಒಳಗೆ, ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮೇಲೆ, ಇವಾಪರೇಟರ್ ಪೆಟ್ಟಿಗೆಯ ಪಕ್ಕದಲ್ಲಿ ನೋಡಿ. ಗ್ಯಾಸಿನ ಜಾತಿ, ತೂಕ, ಎಣ್ಣೆಯ ಜಾತಿ ಅದರಲ್ಲಿರುತ್ತವೆ. ಸಿಗದಿದ್ದರೆ ಕೋಚಿನ ಸೀರಿಯಲ್ ನಂಬರ್ ಹಿಡಿದು ಕೋಚ್ ಕಂಪನಿಯನ್ನು ಕೇಳಬೇಕು. ಇಂಟರ್ನೆಟ್ಟಿನಲ್ಲಿ "ಎಫ್-53ಕ್ಕೆ ಇಷ್ಟು" ಎಂದು ಯಾರೋ ಬರೆದ ಅಂಕಿಯನ್ನು ನಂಬುವ ಹಾಗಿಲ್ಲ.

1990ರ ದಶಕದ ಮಧ್ಯಭಾಗದಿಂದೀಚಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-134ಎ. ಅದಕ್ಕಿಂತ ಹಳೆಯವು ಆರ್-12 ಇದ್ದು ನಂತರ ಬದಲಾಯಿಸಿಕೊಂಡಿರಬಹುದು. ತೀರಾ ಹೊಸ ಚಾಸಿಗಳಲ್ಲಿ ಆರ್-1234ವೈಎಫ್ ಇರಬಹುದು. ಒಂದರ ಮೇಲೆ ಇನ್ನೊಂದನ್ನು ಬೆರೆಸಲೇಬಾರದು. ಮುಂದೆ ಬರುವ ಅಂಕಿಗಳೆಲ್ಲ ಆರ್-134ಎ ಲೆಕ್ಕದವು.

ತಂಪು ನಿಜಕ್ಕೂ ಕಡಿಮೆಯೇ?

ಇದು ಕೆಣಕುವ ಪ್ರಶ್ನೆಯಲ್ಲ. ಡ್ಯಾಶ್ ಎಸಿ ಇರುವುದು ಮುಂದಿನ ಎರಡು ಸೀಟಿಗೆ. ಎದುರಿಗೆ ಗೋಡೆಯಷ್ಟು ಗಾಜು, ಕಾಲ ಬಳಿ ಎಂಜಿನ್ ಮುಚ್ಚಳ, ಹಿಂದೆ ಮೂವತ್ತು ಅಡಿ ಮನೆ. ಜುಲೈನ ಫೀನಿಕ್ಸ್‌ನಲ್ಲಿ ಯಾವ ಡ್ಯಾಶ್ ಎಸಿಯೂ ಅಷ್ಟನ್ನು ತಣ್ಣಗೆ ಮಾಡುವುದಿಲ್ಲ. ಜನರೇಟರ್ ಹಾಕಿ ಛಾವಣಿ ಎಸಿ ಓಡಿಸಿಕೊಂಡೇ ಹೋಗುವುದು ಇಲ್ಲಿ ಸಾಮಾನ್ಯ, ಅದು ದೋಷದ ಲಕ್ಷಣವಲ್ಲ. ಸೀಟಿನ ಹಿಂದೆ ಒಂದು ದಪ್ಪ ಪರದೆ ಎಳೆದುಕೊಂಡರೆ ಸಿಗುವ ಲಾಭ ಅರ್ಧ ಕ್ಯಾನ್ ಗ್ಯಾಸಿಗಿಂತ ಹೆಚ್ಚು.

ಅಳೆಯಲು ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದನ್ನು ಮಧ್ಯದ ವೆಂಟಿಗೆ ತೂರಿಸಿ, ಎಂಜಿನ್ 1500 ಆರ್‌ಪಿಎಂಗೆ ತಂದು, ಮ್ಯಾಕ್ಸ್ ಎಸಿ, ಬ್ಲೋವರ್ ನಡುವಿನ ವೇಗದಲ್ಲಿಟ್ಟು ಹತ್ತು ನಿಮಿಷ ಬಿಡಿ. ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ಇದ್ದು ವೆಂಟಿನಲ್ಲಿ 45ರಿಂದ 55 ಬಂದರೆ ವ್ಯವಸ್ಥೆ ಆರೋಗ್ಯವಾಗಿದೆ. ಹ್ಯೂಸ್ಟನ್‌ನಂಥ ತೇವದ ಊರಿನಲ್ಲಿ ಅಷ್ಟು ಇಳಿಯುವುದಿಲ್ಲ, ಇವಾಪರೇಟರಿನ ಅರ್ಧ ಶಕ್ತಿ ನೀರು ಹಿಂಡುವುದರಲ್ಲೇ ಹೋಗುತ್ತದೆ. ಗಾಡಿಯ ಕೆಳಗೆ ನೀರು ಧಾರಾಳವಾಗಿ ತೊಟ್ಟಿಕ್ಕುತ್ತಿದೆಯೇ ನೋಡಿ. ಸೆಕೆಯ ದಿನ ನೀರೇ ಬರದಿದ್ದರೆ ಒಂದೋ ಇವಾಪರೇಟರ್ ತಣ್ಣಗಾಗುತ್ತಿಲ್ಲ, ಇಲ್ಲವೇ ಡ್ರೈನ್ ಕೊಳವೆ ಕಟ್ಟಿಕೊಂಡಿದೆ.

ಗಾಳಿ ತಣ್ಣಗಿದ್ದು ರಭಸವೇ ಇಲ್ಲದಿದ್ದರೆ ಗೇಜಿನ ಕೆಲಸವೇ ಇಲ್ಲ. ಚಳಿಗಾಲವಿಡೀ ನಿಂತಿದ್ದ ಗಾಡಿಯ ಗಾಳಿ ಪೆಟ್ಟಿಗೆಯಲ್ಲಿ ಇಲಿ ಗೂಡು ಸಿಗುವುದು ಇಲ್ಲಿ ಅಪರೂಪವಲ್ಲ.

ಕಂಪ್ರೆಸರ್ ಹಿಡಿಯುತ್ತಿದೆಯೇ?

ಹುಡ್ ತೆರೆದು, ಇನ್ನೊಬ್ಬರಿಗೆ ಎಸಿ ಹಾಕಲು ಹೇಳಿ. "ಟಕ್" ಎಂಬ ಸದ್ದು ಬಂದು ಕಂಪ್ರೆಸರಿನ ಮುಂದಿನ ತಟ್ಟೆ ಪುಲ್ಲಿಯ ಜೊತೆ ತಿರುಗಬೇಕು. ಪುಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ, ನೋಡಬೇಕಾದ್ದು ನಡುವಿನ ತಟ್ಟೆಯನ್ನು. ಸಡಿಲ ಬಟ್ಟೆ, ಕೂದಲು, ಕೈ ಬೆಲ್ಟಿನಿಂದ ದೂರವಿರಲಿ.

ತಟ್ಟೆ ಹಿಡಿಯದಿದ್ದರೆ ಮೊದಲು ಎಂಜಿನ್ ಆರಿಸಿ, ವ್ಯವಸ್ಥೆ ತಣಿದ ಮೇಲೆ ನಿಂತ ಒತ್ತಡ (ಕಂಪ್ರೆಸರ್ ಓಡದಿರುವಾಗಿನ ಒತ್ತಡ) ಗೇಜಿನಿಂದ ಅಳೆಯಿರಿ; ಗೇಜಿನ ವಿವರ ಮುಂದಿದೆ. ದ್ರವ ರೂಪದ ಗ್ಯಾಸ್ ಒಳಗೆ ಸ್ವಲ್ಪವಿದ್ದರೂ ನಿಂತ ಒತ್ತಡ ಹೊರಗಿನ ತಾಪಮಾನದ ಪ್ರಕಾರ ಬರುತ್ತದೆ: 70 ಡಿಗ್ರಿ ಫ್ಯಾರನ್‌ಹೀಟಿಗೆ ಸುಮಾರು 71 ಪಿಎಸ್‌ಐ, 80ಕ್ಕೆ 87, 90ಕ್ಕೆ 104, 100ಕ್ಕೆ 124. ಇದಕ್ಕಿಂತ ತೀರಾ ಕಡಿಮೆ ಇದ್ದರೆ ಗ್ಯಾಸ್ ಬಹುಪಾಲು ಹೋಗಿದೆ, ಲೋ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ಕಾಪಾಡಲು ಕರೆಂಟ್ ಕಡಿದಿದೆ. ಇದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಒಳಗೆ ಗಾಳಿ ಅಥವಾ ಬೇರೆ ಗ್ಯಾಸ್ ಸೇರಿದೆ. ಸರಿಯಾಗಿ ಇಷ್ಟೇ ಇದ್ದರೆ ಗ್ಯಾಸ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ಸಾಕಷ್ಟಿದೆಯೇ ಎಂಬುದು ನಿಂತ ಒತ್ತಡದಿಂದ ತಿಳಿಯದು.

ಗ್ಯಾಸ್ ಇದ್ದೂ ಹಿಡಿಯದಿದ್ದರೆ ಕರೆಂಟಿನ ದಾರಿ ಹಿಡಿಯಿರಿ. ಫ್ಯೂಸ್, ರಿಲೇ, ಲೋ ಪ್ರೆಷರ್ ಸ್ವಿಚ್, ಹೈ ಪ್ರೆಷರ್ ಸ್ವಿಚ್, ಕೊನೆಗೆ ಕ್ಲಚ್ಚಿನ (ಆ ತಟ್ಟೆಯನ್ನು ಪುಲ್ಲಿಗೆ ಹಿಡಿಸುವ ವಿದ್ಯುತ್ ಕಾಂತದ) ಕನೆಕ್ಟರ್. ಕೋಚ್ ಕಟ್ಟಿದವರ ಫ್ಯೂಸ್ ಪೆಟ್ಟಿಗೆ ಬೇರೆ, ಚಾಸಿಯದು ಬೇರೆ, ಎರಡನ್ನೂ ನೋಡಬೇಕು. ಲೋ ಪ್ರೆಷರ್ ಸ್ವಿಚ್ಚಿನ ಎರಡು ತುದಿಗಳನ್ನು ತಂತಿಯಿಂದ ಕೆಲವೇ ಸೆಕೆಂಡು ಕೂಡಿಸಿದಾಗ ಕ್ಲಚ್ ಹಿಡಿದರೆ ತಪ್ಪು ಸ್ವಿಚ್ಚಿನದು, ಒತ್ತಡ ಸರಿ ಇದೆ ಎಂದು ಆಗಲೇ ಅಳೆದಿದ್ದರೆ ಮಾತ್ರ. ಖಾಲಿ ವ್ಯವಸ್ಥೆಯಲ್ಲಿ ಹೀಗೆ ಮಾಡಿದರೆ ಎಣ್ಣೆಯಿಲ್ಲದೆ ಕಂಪ್ರೆಸರ್ ಒಳಗೊಳಗೇ ತೇಯುತ್ತದೆ.

ಕ್ಲಚ್ಚಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಗಾಡಿ ಹೊರಟ ಅರ್ಧ ಗಂಟೆ ಎಸಿ ಚೆನ್ನಾಗಿದ್ದು, ಎಂಜಿನ್ ಪೂರ್ತಿ ಕಾದ ಮೇಲೆ ನಿಂತು, ಊಟಕ್ಕೆ ಒಂದು ಗಂಟೆ ನಿಲ್ಲಿಸಿ ಹೊರಟರೆ ಮತ್ತೆ ತಂಪು ಬರುವ ಗಾಡಿಗಳಿವೆ. ಇಂಥದ್ದಕ್ಕೆ ಗ್ಯಾಸ್ ಹಾಕಿದವರು ಬಹಳ. ಮೊದಲು ಅನುಮಾನಿಸಬೇಕಾದ್ದು ತಟ್ಟೆ ಮತ್ತು ಪುಲ್ಲಿಯ ನಡುವಿನ ಸಂದನ್ನು. ಆ ಸಂದು ಸುಮಾರು 0.4ರಿಂದ 0.8 ಮಿಲಿಮೀಟರ್ ಒಳಗಿರಬೇಕು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅದು ಹಿಗ್ಗುತ್ತದೆ. ಸುರುಳಿ ಕಾದಾಗ ಅದರ ರೆಸಿಸ್ಟೆನ್ಸ್ ಏರಿ ಕಾಂತಶಕ್ತಿ ಇಳಿಯುತ್ತದೆ, ಹಿಗ್ಗಿದ ಸಂದನ್ನು ದಾಟಿ ತಟ್ಟೆಯನ್ನು ಎಳೆಯಲಾರದು. ಎಂಜಿನ್ ಆರಿಸಿ ಫೀಲರ್ ಗೇಜಿನ ಎಲೆಯನ್ನು ತಟ್ಟೆಯ ಸುತ್ತ ಮೂರು ಕಡೆ ತೂರಿಸಿ ನೋಡಿ. ಒಂದು ಮಿಲಿಮೀಟರ್ ಎಲೆ ಸಲೀಸಾಗಿ ಹೋಗುತ್ತಿದ್ದರೆ ಕಳ್ಳ ಸಿಕ್ಕ ಹಾಗೆ. ನಡುವಿನ ಬೋಲ್ಟ್ ಬಿಚ್ಚಿ ತಟ್ಟೆ ತೆಗೆದರೆ ಶಾಫ್ಟಿನ ಮೇಲೆ ಕಾಗದದಷ್ಟು ತೆಳುವಾದ ವಾಷರ್‌ಗಳು ಕಾಣುತ್ತವೆ. ಒಂದನ್ನು ತೆಗೆದು ಮತ್ತೆ ಕೂಡಿಸಿ ಅಳೆಯಬೇಕು. ತಟ್ಟೆ ಪುಲ್ಲಿಗೆ ತಾಗಬಾರದು. ಕನೆಕ್ಟರಿನಲ್ಲಿ ವೋಲ್ಟೇಜೂ ನೋಡಿ, ಕ್ಲಚ್ ಜೋಡಿಸಿರುವಾಗಲೇ. ಎಂಜಿನ್ ಓಡುವಾಗ 11ಕ್ಕಿಂತ ಕೆಳಗಿದ್ದರೆ ತಂತಿಯಲ್ಲಿ ಅಥವಾ ಗ್ರೌಂಡಿನಲ್ಲಿ ತುಕ್ಕು ಹುಡುಕಿ.

ಕಂಪ್ರೆಸರ್ ಓಡುತ್ತಿದೆ, ಆದರೂ ಸೆಕೆ

ಈ ಹಂತದಲ್ಲಿ ಗೇಜ್ ಬೇಡ. ಇವಾಪರೇಟರಿಗೆ ಹೋಗುವ ಕೊಳವೆಗಳನ್ನು ಮುಟ್ಟಿ. ದಪ್ಪ ಕೊಳವೆ ತಣ್ಣಗೆ ಬೆವರುತ್ತಿದ್ದು ವೆಂಟಿನಲ್ಲಿ ಮಾತ್ರ ತಂಪಿಲ್ಲವಾದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ತಣ್ಣಗಾದ ಗಾಳಿಯನ್ನು ಯಾವುದೋ ಬಿಸಿ ಮಾಡುತ್ತಿದೆ, ಇಲ್ಲವೇ ಅದು ಬೇರೆಡೆ ಹೋಗುತ್ತಿದೆ.

ಬಿಸಿ ಮಾಡುವುದು ಸಾಮಾನ್ಯವಾಗಿ ಹೀಟರ್ ವಾಲ್ವ್. ಮ್ಯಾಕ್ಸ್ ಎಸಿಯಲ್ಲಿ ಅದು ಎಂಜಿನ್ನಿನ ಬಿಸಿನೀರನ್ನು ಪೂರ್ತಿ ತಡೆಯಬೇಕು. ಅರ್ಧ ತೆರೆದು ಸಿಕ್ಕಿಕೊಂಡರೆ ಇವಾಪರೇಟರಿನಿಂದ ಬಂದ ತಂಪನ್ನು ಪಕ್ಕದ ಹೀಟರ್ ಕೋರ್ ತಿಂದುಹಾಕುತ್ತದೆ. ವಾಲ್ವ್ ದಾಟಿದ ಮೇಲಿನ ಹೋಸ್ ಮುಟ್ಟಲಾರದಷ್ಟು ಬಿಸಿಯಿದ್ದರೆ ಹೋಸ್ ಒತ್ತುವ ಇಕ್ಕಳದಿಂದ ಅದನ್ನು ಬಿಗಿದು ಥರ್ಮಾಮೀಟರ್ ನೋಡಿ. ಐದು ನಿಮಿಷದಲ್ಲಿ ವೆಂಟ್ 10 ಡಿಗ್ರಿ ಇಳಿದರೆ ಬೇರೆ ಸಾಕ್ಷಿ ಬೇಡ. ವಾಲ್ವಿನ ಬೆಲೆ ಒಂದು ಕ್ಯಾನ್ ಗ್ಯಾಸಿನ ಆಸುಪಾಸಿನಲ್ಲೇ ಇರುತ್ತದೆ.

ಗಾಳಿ ಬೇರೆಡೆ ಹೋಗುವುದು ಈ ಗಾಡಿಗಳ ಸ್ವಂತ ಕಾಯಿಲೆ. ಡ್ಯಾಶಿನೊಳಗಿನ ಬಾಗಿಲುಗಳನ್ನು ಹಲವು ಕೋಚ್‌ಗಳಲ್ಲಿ ಎಂಜಿನ್ನಿನ ವ್ಯಾಕ್ಯೂಮ್ ತಿರುಗಿಸುತ್ತದೆ. ವ್ಯಾಕ್ಯೂಮ್ ಹೋದರೆ ಸ್ಪ್ರಿಂಗು ಬಾಗಿಲನ್ನು ಡಿಫ್ರಾಸ್ಟ್ ಕಡೆಗೆ ತಳ್ಳುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ, ಏನೇ ಕೆಟ್ಟರೂ ಗಾಜಿನ ಮಂಜು ತೆಗೆಯಲು ಆಗಬೇಕು. ಏರಿನಲ್ಲಿ ಪೆಡಲ್ ಪೂರ್ತಿ ತುಳಿದಾಗ ಎಂಜಿನ್ನಿನ ವ್ಯಾಕ್ಯೂಮ್ ಹತ್ತಿರ ಹತ್ತಿರ ಸೊನ್ನೆ. ಆಗಿನ ಕೆಲವು ನಿಮಿಷಗಳಿಗೆಂದೇ ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಚೆಕ್ ವಾಲ್ವ್ ಇರುತ್ತವೆ. ಚೆಕ್ ವಾಲ್ವ್ ಸೋರಿದರೆ, ಕ್ಯಾಲಿಫೋರ್ನಿಯಾದ ಮರುಭೂಮಿಯ ಬೇಕರ್‌ನಿಂದ ಲಾಸ್ ವೇಗಸ್ ಕಡೆಗಿನ ಏರಿನಂಥ ಜಾಗದಲ್ಲಿ, ಎಸಿ ಅತ್ಯಗತ್ಯವಾದ ಹೊತ್ತಿಗೆ, ಎದೆಗೆ ಬೀಸುತ್ತಿದ್ದ ಗಾಳಿ ಸದ್ದಿಲ್ಲದೆ ಗಾಜಿಗೆ ತಿರುಗುತ್ತದೆ.

ಪರೀಕ್ಷೆ ಸುಲಭ. ಗಾಡಿ ನಿಂತಿರುವಾಗ, ಮ್ಯಾಕ್ಸ್ ಎಸಿಯಲ್ಲಿ ಗಾಳಿ ನಡುವಿನ ವೆಂಟಿನಿಂದ ಬರುತ್ತಿರುವಾಗ ಎಂಜಿನ್ ಆರಿಸಿ, ಕೀಲಿಯನ್ನು ಮಾತ್ರ ಆನ್‌ಗೆ ತಿರುಗಿಸಿ ಬ್ಲೋವರ್ ಓಡಲು ಬಿಡಿ. ಗಾಳಿ ಹಲವು ನಿಮಿಷ ಅಲ್ಲಿಂದಲೇ ಬರಬೇಕು. ಕೆಲವೇ ಸೆಕೆಂಡಿನಲ್ಲಿ ಗಾಜಿಗೆ ಹಾರಿದರೆ ಸೋರಿಕೆ ಇದೆ. ಎಂಜಿನ್ ಮೇಲಿನ ರಬ್ಬರ್ ಮೊಣಕೈಗಳು ಸೀಳಿರುತ್ತವೆ, ಕಡ್ಡಿಯಷ್ಟು ಸಪೂರದ ಪ್ಲಾಸ್ಟಿಕ್ ಕೊಳವೆ ಎಕ್ಸಾಸ್ಟಿಗೆ ತಾಗಿ ಕರಗಿರುತ್ತದೆ, ಇಲ್ಲವೇ ಡ್ಯಾಶಿನ ತಿರುಗುಗುಂಡಿಯ ಹಿಂದೆ "ಸ್‌ಸ್" ಎಂಬ ಸದ್ದು ಕೇಳುತ್ತದೆ. ಕೈಪಂಪಿನಿಂದ 15ರಿಂದ 20 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ಎಳೆದು ಒಂದೊಂದೇ ತುಂಡನ್ನು ಪರೀಕ್ಷಿಸುತ್ತಾ ಹೋಗಿ. ಒಳಗಿನ ಗಾಳಿಯನ್ನೇ ಮತ್ತೆ ಎಳೆಯುವ ಬಾಗಿಲೂ ವ್ಯಾಕ್ಯೂಮಿನಿಂದಲೇ ನಡೆಯುವ ಗಾಡಿಯಲ್ಲಿ, ಅದು ಸೋರಿದರೆ ಮ್ಯಾಕ್ಸ್ ಎಂದಿಟ್ಟರೂ ಹೊರಗಿನ 105 ಡಿಗ್ರಿಯ ಗಾಳಿಯೇ ಒಳಬರುತ್ತಿರುತ್ತದೆ.

ಏರಿನಲ್ಲಿ ತಂಪು ಮಾಯವಾದರೆ ಇನ್ನೆರಡು ಕಾರಣಗಳಿವೆ, ಬೇರ್ಪಡಿಸಿ ನೋಡಬೇಕು. ಗಾಳಿ ನಡುವಿನ ವೆಂಟಿನಿಂದಲೇ ಬರುತ್ತಾ ಬೆಚ್ಚಗಾಗಿ, ಕಾಲು ಎತ್ತಿದ ಕೂಡಲೇ ತಂಪು ಮರಳಿದರೆ ಅದು ದೋಷವಲ್ಲ. ಪೂರ್ತಿ ತುಳಿದಾಗ ಎಂಜಿನ್ ಕಂಪ್ಯೂಟರ್ ತಾನೇ ಕಂಪ್ರೆಸರನ್ನು ಬಿಡಿಸುತ್ತದೆ. ಕಾಲೆತ್ತಿದರೂ ಕೆಲ ನಿಮಿಷ ಮರಳದೆ, ಎಂಜಿನ್ ಟೆಂಪರೇಚರ್ ಮುಳ್ಳೂ ಏರಿದ್ದರೆ ಹೈ ಪ್ರೆಷರ್ ಸ್ವಿಚ್ ಕಡಿದಿರಬಹುದು. ಆಗ ಕಂಡೆನ್ಸರ್ (ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ, ರೇಡಿಯೇಟರಿನಂಥ ಭಾಗ), ಫ್ಯಾನ್ ಕ್ಲಚ್ (ಎಂಜಿನ್ ಕಾದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಭಾಗ) ನೋಡಬೇಕು. ಕ್ಯಾಲಿಫೋರ್ನಿಯಾದ ಕಡಿದಾದ ಏರುಗಳಲ್ಲಿ ಎಸಿ ಆರಿಸಿ ಎಂಬ ಫಲಕಗಳನ್ನು ಹೆದ್ದಾರಿ ಇಲಾಖೆಯವರು ಸುಮ್ಮನೆ ನೆಟ್ಟಿಲ್ಲ.

ಈಗ ಗೇಜ್

ಕ್ಯಾನಿನ ತುದಿಗೆ ಅಂಟಿಸಿ ಮಾರುವ ಹಸಿರು ಪಟ್ಟಿಯ ಪುಟ್ಟ ಗೇಜ್ ಬೇಡ. ಅದು ಲೋ ಸೈಡ್ (ಕಂಪ್ರೆಸರಿಗೆ ಮರಳುವ ಕಡಿಮೆ ಒತ್ತಡದ ಕಡೆ) ಮಾತ್ರ ತೋರಿಸುತ್ತದೆ, ಹೈ ಸೈಡ್ (ಕಂಪ್ರೆಸರ್ ಹೊರದೂಡುವ ಹೆಚ್ಚು ಒತ್ತಡದ ಕಡೆ) ತೋರಿಸದು. ಒಂದು ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸುವ ಹಾಗೆ. ಎರಡು ಗೇಜಿನ ಮ್ಯಾನಿಫೋಲ್ಡ್ (ಗೇಜು, ವಾಲ್ವು, ಹೋಸುಗಳಿರುವ ಸೆಟ್) ಮತ್ತು ವ್ಯಾಕ್ಯೂಮ್ ಪಂಪನ್ನು ಆಟೋಝೋನ್, ಒ'ರೈಲಿಯಂಥ ಬಿಡಿಭಾಗದ ಅಂಗಡಿಗಳು ಠೇವಣಿ ಪಡೆದು ಎರವಲು ಕೊಡುತ್ತವೆ. ಆರ್-134ಎ ಪೋರ್ಟುಗಳ ಅಳತೆ ಬೇರೆ ಬೇರೆ, ಹೈ ಸೈಡ್ ದೊಡ್ಡದು. ಅದಲು ಬದಲಾಗುವುದಿಲ್ಲ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಈ ದ್ರವ ಬಯಲಲ್ಲಿ ಸೊನ್ನೆಗಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೆ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು.

90 ಡಿಗ್ರಿಯ ದಿನ, 1500 ಆರ್‌ಪಿಎಂನಲ್ಲಿ ಲೋ ಸೈಡ್ ಸುಮಾರು 28ರಿಂದ 40 ಪಿಎಸ್‌ಐ, ಹೈ ಸೈಡ್ 200ರಿಂದ 225 ಇರಬೇಕು. ಹೈ ಸೈಡಿಗೆ ಗ್ಯಾರೇಜಿನವರ ಲೆಕ್ಕ: ಹೊರಗಿನ ಫ್ಯಾರನ್‌ಹೀಟ್ ಡಿಗ್ರಿಯ 2.2ರಿಂದ 2.5 ಪಟ್ಟು. ಲೋ ಸೈಡ್ ಅಂಕಿಗೂ ಅರ್ಥವಿದೆ. 28 ಪಿಎಸ್‌ಐಗೆ ಆರ್-134ಎ 32 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಕುದಿಯುತ್ತದೆ, 40ಕ್ಕೆ 45ರಲ್ಲಿ. ಇನ್ನೂ ಕೆಳಗಿಳಿದರೆ ಇವಾಪರೇಟರ್ ಮೇಲೆ ಮಂಜುಗಟ್ಟಿ ಗಾಳಿ ನಿಲ್ಲುತ್ತದೆ, ಮೇಲೇರಿದರೆ ತಂಪು ಸಾಲದು.

ಎರಡೂ ಮುಳ್ಳು ಕೆಳಗಿದ್ದರೆ ಗ್ಯಾಸ್ ಕಡಿಮೆ. ಆರಿಫಿಸ್ ಟ್ಯೂಬ್ (ಇವಾಪರೇಟರಿಗೆ ಗ್ಯಾಸ್ ಬಿಡುವ ಸಣ್ಣ ರಂಧ್ರದ ಕೊಳವೆ) ಮಾದರಿಯ ಗಾಡಿಯಲ್ಲಿ ಕ್ಲಚ್ ಕೆಲವು ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೂ ಹೆಚ್ಚಾಗಿ ಅದೇ: ಲೋ ಸೈಡ್ 25ರ ಕೆಳಗಿಳಿದಾಗ ಸ್ವಿಚ್ ಕಡಿಯುತ್ತದೆ, 45ರ ಆಸುಪಾಸಿಗೆ ಬಂದಾಗ ಮತ್ತೆ ಕೂಡಿಸುತ್ತದೆ. ಯಾವ ಮಾದರಿ ಎಂದು ತಿಳಿಯಲು ಇವಾಪರೇಟರಿನಿಂದ ಹೊರಬರುವ ದಪ್ಪ ಕೊಳವೆಯಲ್ಲಿ ದೊಡ್ಡ ಡಬ್ಬಿ ಇದೆಯೇ ನೋಡಿ. ಇದ್ದರೆ ಆರಿಫಿಸ್ ಟ್ಯೂಬ್. ಕಂಡೆನ್ಸರ್ ದಾಟಿದ ಸಪೂರ ಕೊಳವೆಯಲ್ಲಿ ಡಬ್ಬಿ ಇದ್ದರೆ ಎಕ್ಸ್‌ಪ್ಯಾನ್ಷನ್ ವಾಲ್ವ್, ಅದೇ ಕೆಲಸವನ್ನು ಹೆಚ್ಚು ಕಡಿಮೆ ತೆರೆದು ಮಾಡುವ ವಾಲ್ವ್. ಆ ವಾಲ್ವ್ ಮುಚ್ಚಿಕೊಂಡು ಸಿಕ್ಕಿಕೊಂಡರೆ ಲೋ ಸೈಡ್ ಮುಳ್ಳು ಸೊನ್ನೆಗೂ ಕೆಳಗೆ, ವ್ಯಾಕ್ಯೂಮಿಗೇ ಇಳಿಯುತ್ತದೆ. ಮೊದಲು ಚೆನ್ನಾಗಿದ್ದು ಸ್ವಲ್ಪ ಹೊತ್ತಿಗೆ ಹೀಗಾಗಿ, ಆರಿಸಿ ಬಿಟ್ಟರೆ ಮತ್ತೆ ಸರಿಯಾದರೆ ಒಳಗೆ ನೀರಿದೆ, ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟುತ್ತಿದೆ.

ಲೋ ಹೆಚ್ಚು, ಹೈ ಕಡಿಮೆ, ಎರಡೂ ಒಂದರ ಹತ್ತಿರ ಇನ್ನೊಂದು ಬಂದು ನಿಂತಿದ್ದರೆ ಕಂಪ್ರೆಸರ್ ಸವೆದಿದೆ. ಅದಕ್ಕೆ ಔಷಧಿಯಿಲ್ಲ.

ಎರಡೂ ಹೆಚ್ಚಿದ್ದರೆ ಗ್ಯಾಸ್ ಜಾಸ್ತಿಯಾಗಿದೆ, ಒಳಗೆ ಗಾಳಿ ಸೇರಿದೆ, ಇಲ್ಲವೇ ಕಂಡೆನ್ಸರಿಗೆ ಗಾಳಿ ತಾಗುತ್ತಿಲ್ಲ. ಮೂರರಲ್ಲಿ ಕೊನೆಯದನ್ನು ಗುರುತಿಸಲು ತೋಟದ ಪೈಪ್ ಸಾಕು. ಗೇಜ್ ಜೋಡಿಸಿರುವಾಗಲೇ ಕಂಡೆನ್ಸರ್ ಮೇಲೆ ತುಂತುರಾಗಿ ನೀರು ಬಿಡಿ. 320ರಲ್ಲಿದ್ದ ಮುಳ್ಳು ಕಣ್ಣೆದುರೇ 200ಕ್ಕೆ ಜಾರಿ, ವೆಂಟ್ ತಣ್ಣಗಾದರೆ ಗ್ಯಾಸನ್ನು ಮುಟ್ಟಬೇಡಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಮುಂದಿನಿಂದ ಹೊಳೆಯುವ ಕಂಡೆನ್ಸರಿನ ಹಿಂದೆ ಹುಳ, ಹುಲ್ಲು, ಧೂಳು ಸೇರಿ ಕಂಬಳಿಯಂತೆ ಕೂತಿರುತ್ತದೆ. ಅಲ್ಲಿ ಸ್ವಚ್ಛವಿದ್ದರೆ ಫ್ಯಾನ್ ಕ್ಲಚ್. ಎಂಜಿನ್ ಹಿಂದಿರುವ ಡೀಸೆಲ್ ಪುಶರ್‌ಗಳಲ್ಲಿ ಕಂಡೆನ್ಸರಿಗೆ ಪ್ರತ್ಯೇಕ ವಿದ್ಯುತ್ ಫ್ಯಾನ್ ಇದ್ದರೆ ಅದು ತಿರುಗುತ್ತಿದೆಯೇ ಎಂದು ಕೆಳಗೆ ಬಗ್ಗಿ ನೋಡಲೇಬೇಕು.

ಸೋರಿಕೆ

ಗ್ಯಾಸ್ ಕಡಿಮೆ ಎಂದು ಖಾತ್ರಿಯಾದ ಮೇಲೆ ಕ್ಯಾನ್ ತರುವ ಆಸೆ ತಡೆದು ಸೋರಿಕೆ ಹುಡುಕಿ. ಗ್ಯಾಸ್ ಹೊರಟಲ್ಲಿ ಎಣ್ಣೆಯೂ ಹೊರಡುತ್ತದೆ, ಎಣ್ಣೆ ಇದ್ದಲ್ಲಿ ಧೂಳು ಅಂಟುತ್ತದೆ. ಜಿಡ್ಡುಗಟ್ಟಿದ ಕಪ್ಪು ಕಲೆ ಹುಡುಕಿ: ಹೋಸ್ ಮತ್ತು ಲೋಹ ಸೇರುವ ಕಡೆ, ಕಂಪ್ರೆಸರ್ ಕ್ಲಚ್ಚಿನ ಹಿಂದೆ, ಕಲ್ಲೇಟು ಬಿದ್ದ ಕಂಡೆನ್ಸರಿನ ಕೆಳಮೂಲೆಯಲ್ಲಿ, ಫ್ರೇಮಿಗೆ ಹೋಸ್ ಉಜ್ಜುವಲ್ಲಿ. ಸರ್ವಿಸ್ ಪೋರ್ಟಿನ ಮುಚ್ಚಳ ಕಳೆದುಹೋಗಿದ್ದರೆ ಮೊದಲು ಅಲ್ಲಿಗೆ ಸೋಪಿನ ನೊರೆ ಹಚ್ಚಿ. ಒಳಗಿನ ಸಣ್ಣ ವಾಲ್ವ್ ಸೋರಿ, ನಾಲ್ಕಾಣೆಯ ಮುಚ್ಚಳಕ್ಕಾಗಿ ಪೂರ್ತಿ ಗ್ಯಾಸ್ ಕಳೆದುಕೊಂಡ ಗಾಡಿಗಳಿವೆ. ಎಲೆಕ್ಟ್ರಾನಿಕ್ ಡಿಟೆಕ್ಟರ್ ಇದ್ದರೆ ಕೊಳವೆಯ ಕೆಳಬದಿಯಲ್ಲಿ ಹಿಡಿಯಿರಿ, ಈ ಗ್ಯಾಸ್ ಗಾಳಿಗಿಂತ ಭಾರ. ಇವಾಪರೇಟರ್ ಕಣ್ಣಿಗೆ ಕಾಣದು. ಯುವಿ ಬಣ್ಣ ಸೇರಿಸಿದ್ದರೆ ನೀರು ತೊಟ್ಟಿಕ್ಕುವ ಡ್ರೈನಿನ ಬಾಯಿಗೆ ರಾತ್ರಿ ನೀಲಿ ಟಾರ್ಚ್ ಬಿಟ್ಟಾಗ ಹಸಿರು ಹೊಳೆಯುತ್ತದೆ.

ಪೂರ್ತಿ ಖಾಲಿಯಾಗಿದ್ದರೆ ಒಣ ನೈಟ್ರೋಜನ್ 150 ಪಿಎಸ್‌ಐ ತುಂಬಿ ನೊರೆ ಹಚ್ಚುವುದು ಒಳ್ಳೆಯ ದಾರಿ. ಟೈರಿಗೆ ಹಾಕುವ ಗಾಳಿ ಬೇಡ, ತೇವ ಒಳಗೆ ಸೇರುತ್ತದೆ. ಆಕ್ಸಿಜನ್ ಅಂತೂ ಎಣ್ಣೆಯ ಜೊತೆ ಸ್ಫೋಟಿಸಬಹುದು.

ಸ್ಟಾಪ್ ಲೀಕ್ ಬೆರೆಸಿದ ಕ್ಯಾನ್‌ಗಳನ್ನು ನಾನು ಮುಟ್ಟುವುದಿಲ್ಲ. ಗಾಳಿಯ ತೇವ ತಾಗಿದೊಡನೆ ಗಟ್ಟಿಯಾಗುವ ಆ ಅಂಟು, ಗೇಜಿನ ಹೋಸಿನಲ್ಲೂ ಗ್ಯಾರೇಜಿನ ಯಂತ್ರದಲ್ಲೂ ಅದನ್ನೇ ಮಾಡುತ್ತದೆ. ಅದು ಒಳಗಿದೆ ಎಂದು ಗೊತ್ತಾದರೆ ಎಷ್ಟೋ ಗ್ಯಾರೇಜುಗಳು ಗಾಡಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ವ್ಯಾಕ್ಯೂಮ್, ನಂತರ ತೂಕ

ದುರಸ್ತಿಗೆ ಕೊಳವೆ ಬಿಚ್ಚಬೇಕಾದರೆ ಉಳಿದ ಗ್ಯಾಸನ್ನು ಗಾಳಿಗೆ ಬಿಡುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಅಪರಾಧ, ಸ್ವಂತ ಗಾಡಿಯದ್ದಾದರೂ. ಗ್ಯಾರೇಜಿನಲ್ಲಿ ಹೊರತೆಗೆಸಿಕೊಂಡು ಬನ್ನಿ. ತುಂಬುವುದಕ್ಕೆ ಅಡ್ಡಿಯಿಲ್ಲ: ತಾನೇ ಮುಚ್ಚಿಕೊಳ್ಳುವ ವಾಲ್ವ್ ಇರುವ ಸಣ್ಣ ಕ್ಯಾನ್‌ಗಳನ್ನು ಯಾರು ಬೇಕಾದರೂ ಕೊಳ್ಳಬಹುದು, ದೊಡ್ಡ ಸಿಲಿಂಡರಿಗೆ ಮಾತ್ರ ತಂತ್ರಜ್ಞರ ಪ್ರಮಾಣಪತ್ರ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕ್ಯಾನಿಗೆ 10 ಡಾಲರ್ ಠೇವಣಿ ಕೊಟ್ಟು, ಖಾಲಿ ಕ್ಯಾನ್ ವಾಪಸ್ ಮಾಡಿ ಪಡೆಯಬೇಕು.

ಕೊಳವೆ ಬಿಚ್ಚಿದ ಮೇಲೆ ಓ-ರಿಂಗ್ ಹೊಸದು, ತೇವ ಹೀರುವ ಡಬ್ಬಿ ಹೊಸದು. ಎಣ್ಣೆ ಲೇಬಲ್ ಹೇಳಿದ ಜಾತಿಯದೇ, ಹೊಸ ಭಾಗಕ್ಕೆ ಹೇಳಿದಷ್ಟೇ. ಆರ್-134ಎ ವ್ಯವಸ್ಥೆಗಳಲ್ಲಿ ಸಾಮಾನ್ಯವಾದ ಪಿಎಜಿ ಎಣ್ಣೆ ಗಾಳಿಯ ತೇವ ಹೀರುತ್ತದೆ, ಹೋದ ವರ್ಷ ತೆರೆದಿಟ್ಟ ಬಾಟಲಿ ಬೇಡ.

ವ್ಯಾಕ್ಯೂಮ್ ಪಂಪ್ ಕನಿಷ್ಠ 45 ನಿಮಿಷ ಓಡಲಿ. ಮೋಟರ್‌ಹೋಮಿನ ಉದ್ದ ಹೋಸುಗಳಿಗೆ ಇನ್ನೂ ಹೆಚ್ಚಾದರೂ ಒಳ್ಳೆಯದೇ. ಉದ್ದೇಶ ಗಾಳಿ ತೆಗೆಯುವುದಷ್ಟೇ ಅಲ್ಲ, ಒಳಗಿನ ನೀರನ್ನು ಕುದಿಸಿ ಹೊರಹಾಕುವುದು. 29 ಇಂಚು ವ್ಯಾಕ್ಯೂಮಿನಲ್ಲಿ ನೀರು ಸುಮಾರು 77 ಡಿಗ್ರಿ ಫ್ಯಾರನ್‌ಹೀಟಿಗೇ ಕುದಿಯುತ್ತದೆ, ಹಾಗಾಗಿ ಚಳಿಯ ಬೆಳಗ್ಗೆ ಈ ಕೆಲಸ ಮಾಡಿದರೆ ನೀರು ಅಲ್ಲೇ ಉಳಿಯುತ್ತದೆ. ಸಮುದ್ರಮಟ್ಟದಿಂದ ಪ್ರತಿ ಸಾವಿರ ಅಡಿ ಏರಿದಂತೆ ಗೇಜ್ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಎತ್ತರದ ಊರಾದ ಡೆನ್ವರ್‌ನಲ್ಲಿ 24.5ರ ಹತ್ತಿರ ನಿಂತರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ನಂತರ ವಾಲ್ವ್ ಮುಚ್ಚಿ ಪಂಪ್ ಆರಿಸಿ ಅರ್ಧ ಗಂಟೆ ಕಾಯಿರಿ. ಮುಳ್ಳು ಅಲುಗಿದರೆ ಮುಂದೆ ಹೋಗಬೇಡಿ.

ತುಂಬುವಾಗ ತಕ್ಕಡಿಯೇ ಯಜಮಾನ. ಲೇಬಲ್ 44 ಔನ್ಸ್ ಅನ್ನುತ್ತದೆ ಎಂದುಕೊಳ್ಳಿ. 12 ಔನ್ಸಿನ ಮೂರು ಕ್ಯಾನ್ ಸೇರಿ 36. ನಾಲ್ಕನೆಯದನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು 8 ಔನ್ಸ್ ಇಳಿಯುವ ತನಕ ಬಿಡಬೇಕು, 4 ಔನ್ಸ್ ಕ್ಯಾನಿನಲ್ಲೇ ಉಳಿಯಬೇಕು. ಖಾಲಿ ಅನಿಸಿದ ಕ್ಯಾನಿನಲ್ಲೂ ಸ್ವಲ್ಪ ಉಳಿದಿರುತ್ತದೆ, ಅದನ್ನೂ ತೂಗಿ ಲೆಕ್ಕಕ್ಕೆ ಸೇರಿಸಿ. ಕ್ಯಾನಿನಿಂದ ಮ್ಯಾನಿಫೋಲ್ಡಿಗೆ ಬರುವ ಹಳದಿ ಹೋಸಿನೊಳಗಿನ ಗಾಳಿಯನ್ನು ಮ್ಯಾನಿಫೋಲ್ಡ್ ಬಳಿ ಕ್ಷಣಕಾಲ ಸಡಿಲಿಸಿ ಹೊರಬಿಟ್ಟು ಶುರು ಮಾಡಿ. ಮೊದಲ ಕ್ಯಾನ್ ವ್ಯಾಕ್ಯೂಮಿನ ಎಳೆತಕ್ಕೇ ಬಹುಪಾಲು ಹೋಗುತ್ತದೆ. ನಂತರ ಎಂಜಿನ್ ಹಚ್ಚಿ, ಮ್ಯಾಕ್ಸ್ ಎಸಿ, ಬ್ಲೋವರ್ ಪೂರ್ತಿ, ಬಾಗಿಲು ತೆರೆದು, ಲೋ ಸೈಡಿನಿಂದ ಮಾತ್ರ ಹಾಕಿ. ಎಂಜಿನ್ ಓಡುವಾಗ ಹೈ ಸೈಡ್ ವಾಲ್ವ್ ತೆರೆದರೆ ಆ ಒತ್ತಡ ಕ್ಯಾನಿಗೆ ನುಗ್ಗಿ ಕ್ಯಾನ್ ಸಿಡಿಯುತ್ತದೆ. ಕ್ಯಾನ್ ನೆಟ್ಟಗಿರಲಿ, ತಲೆಕೆಳಗು ಮಾಡಿದರೆ ದ್ರವ ಕಂಪ್ರೆಸರಿಗೆ ಹೋಗಿ ವಾಲ್ವ್ ಮುರಿಯುತ್ತದೆ. ತಣ್ಣಗಾಗಿ ನಿಧಾನವಾದರೆ ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿಡಿ, 120 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು.

ಲೇಬಲ್ಲೂ ಇಲ್ಲ, ಕಂಪನಿಯೂ ಮುಚ್ಚಿದೆ ಎಂದಾದರೆ ಒಂದಿಷ್ಟೇ ಹಾಕುತ್ತಾ, ಪ್ರತಿ ಸಲ ಐದು ನಿಮಿಷ ಬಿಟ್ಟು ಹೈ ಸೈಡ್ ಮತ್ತು ವೆಂಟ್ ಎರಡನ್ನೂ ಬರೆದುಕೊಳ್ಳಿ. ವೆಂಟ್ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಲ್ಲುತ್ತದೆ. ಇನ್ನು ಹಾಕಿದರೆ ಹೈ ಸೈಡ್ ಮಾತ್ರ ಏರುತ್ತದೆ. ನಿಂತಲ್ಲೇ ನಿಲ್ಲಿಸಿ.

ಚಳಿಗಾಲದಲ್ಲಿ ಗಾಡಿ ನಿಲ್ಲಿಸಿಟ್ಟವರು ತಿಂಗಳಿಗೊಮ್ಮೆ, ಹೊರಗೆ ಹೆಚ್ಚು ಚಳಿಯಿಲ್ಲದ ದಿನ, ಎಸಿಯನ್ನು ಹತ್ತು ನಿಮಿಷ ಓಡಿಸಬೇಕು. ಕಂಪ್ರೆಸರ್ ಶಾಫ್ಟಿನ ಸೀಲಿಗೆ ಎಣ್ಣೆ ಮುಟ್ಟುವುದು ಓಡಿದಾಗ ಮಾತ್ರ, ಒಣಗಿದ ಸೀಲ್ ಸೋರುತ್ತದೆ. ಹಲವು ಗಾಡಿಗಳಲ್ಲಿ ಡಿಫ್ರಾಸ್ಟ್ ಹಾಕಿದರೂ ಕಂಪ್ರೆಸರ್ ಓಡುತ್ತದೆ, ತೀರಾ ಚಳಿಯಲ್ಲಿ ಸ್ವಿಚ್ ತಾನೇ ತಡೆಯುತ್ತದೆ. ವಸಂತದಲ್ಲಿ ಮೊದಲ ಪ್ರವಾಸಕ್ಕೆ ಮುಂಚೆ ಕಂಡೆನ್ಸರಿಗೆ ಕಡಿಮೆ ಒತ್ತಡದ ನೀರು, ಪೋರ್ಟಿನ ಮುಚ್ಚಳ, ಬೆಲ್ಟು, ಡ್ರೈನಿನ ಬಾಯಿ. ಹಾಕಿದ ಗ್ಯಾಸಿನ ತೂಕ, ಎಣ್ಣೆಯ ಜಾತಿ, ತಾರೀಕನ್ನು ಲೇಬಲ್ಲಿನ ಪಕ್ಕದಲ್ಲೇ ಮಾರ್ಕರ್‌ನಿಂದ ಬರೆದಿಡಿ.